ಮೇಲೆ ಸರಿದ ಮಂಡಿಚಿಪ್ಪು

ಹೊಸಕೋಟೆ, ದೇವನಹಳ್ಳಿ ಕಡೆ ವೀಕೆಂಡ್ ರೈಡ್ ಹೋದೋರು 'ಪುತ್ತೂರು ಕಟ್ಟು' ಅನ್ನೋ ಬೋರ್ಡು ನೋಡಿರ್ತೀರಿ. ಇದು ದಕ್ಷಿಣ ಕನ್ನಡದ ಪುತ್ತೂರಲ್ಲ, ಆಂಧ್ರದ್ದು. ಬಿದಿರಿನ ದಬ್ಬೆ, ಬಟ್ಟೆ, ಮೊಟ್ಟೆಯ ಬಿಳಿ, ಸೊಪ್ಪಿನ ರಸ, ಇಷ್ಟರಲ್ಲೇ ಕೈಕಾಲು ಕೂಡಿಸೋ ವಿದ್ಯೆ. ದೊಡ್ಡಬಳ್ಳಾಪುರದ ಸುತ್ತಲಿನ ನಮ್ಮ ಹಳ್ಳಿಗಳಲ್ಲಿ ಯಾರಾದ್ರೂ ಬಿದ್ದರೆ ಹಿರಿಯರಿಗೆ ಮೊದಲು ನೆನಪಾಗೋದು ಕಟ್ಟು, ಆಮೇಲೆ ಆಸ್ಪತ್ರೆ. ಇದರಲ್ಲಿ ನಗೋದಕ್ಕೇನಿಲ್ಲ. ಸರಿಯಾಗಿ ಕೂರಿಸಿ ಅಲುಗಾಡದ ಹಾಗೆ ಕಟ್ಟಿದರೆ ಎಷ್ಟೋ ಮೂಳೆ ತಾನೇ ಕೂಡುತ್ತೆ.

ಆದರೆ ಮಂಡಿಯ ಒಂದು ಪೆಟ್ಟು ಮಾತ್ರ ಈ ಲೆಕ್ಕಕ್ಕೆ ಸಿಗಲ್ಲ. ತೊಡೆ ಮುಂದಿನ ದಪ್ಪ ಸ್ನಾಯು ಒಂದು ಟೆಂಡನ್ ಮೂಲಕ ಮಂಡಿಚಿಪ್ಪನ್ನು ಹಿಡಿದಿರುತ್ತೆ. ಚಿಪ್ಪಿನಿಂದ ಇನ್ನೊಂದು ಟೆಂಡನ್ ಕೆಳಗಾಲಿನ ಮೂಳೆಗೆ ಇಳಿಯುತ್ತೆ. ನಮ್ಮೂರಲ್ಲಿ ಎರಡಕ್ಕೂ 'ನರ' ಅಂತಲೇ ಹೆಸರು. ಬಾವಿ ಹಗ್ಗದ ಥರ ಇವು ಕಾಲನ್ನು ಎಳೆದು ನೆಟ್ಟಗೆ ಮಾಡುತ್ತವೆ. ಹಗ್ಗ ಪೂರ್ತಿ ಹರಿದರೆ ಸ್ನಾಯು ತನ್ನ ತುದಿಯನ್ನು ತೊಡೆ ಕಡೆಗೆ ಎಳ್ಕೊಂಡುಬಿಡುತ್ತೆ. ಕೆಳಗಿನದು ಹರಿದರೆ ಚಿಪ್ಪೇ ಮೇಲಕ್ಕೆ ಸರಿಯುತ್ತೆ. ಹೊರಗಿಂದ ಎಷ್ಟು ಬಿಗಿದು ಕಟ್ಟಿದರೂ ತುದಿಗಳು ಸೇರಲ್ಲ. ದಿನ ಕಳೆದಂತೆ ಸ್ನಾಯು ಮೋಟಾಗುತ್ತೆ, ನಡುವೆ ಗಾಯದ ನಾರು ತುಂಬುತ್ತೆ. ಸಾಮಾನ್ಯವಾಗಿ 6 ವಾರ ದಾಟಿದರೆ ಅದು 'ಹಳೇ ಪೆಟ್ಟು'. ನಮ್ಮ ಆಫೀಸ್ ಭಾಷೇಲಿ ಟೆಕ್ನಿಕಲ್ ಡೆಟ್. ಬಡ್ಡಿ ದಿನಾ ಬೆಳೀತಿರುತ್ತೆ.

ತೊಡೆಯ ಹರಿದ ಟೆಂಡನ್ ಹೊಲಿದ ಕೇಸೊಂದನ್ನು ನ್ಯೂಯಾರ್ಕಿನ ಚಾರ್ಲ್ಸ್ ಮ್ಯಾಕ್‌ಬರ್ನಿ 1887ರಲ್ಲೇ ಪ್ರಕಟಿಸಿದ್ದರು. ಅಪೆಂಡಿಕ್ಸ್ ನೋವಿನ ಜಾಗಕ್ಕೆ ಇವರದೇ ಹೆಸರು. ಆಗ ನಮ್ಮ ವಿಕ್ಟೋರಿಯಾ ಆಸ್ಪತ್ರೆ ಇನ್ನೂ ಹುಟ್ಟಿರಲಿಲ್ಲ; ಅದು ಶುರುವಾಗಿದ್ದು 1900ರಲ್ಲಿ.

ತಲೆನೋವಾಗಿದ್ದು ತಡವಾಗಿ ಬಂದವರ ಮಂಡಿ. ತುದಿಗೆ ತುದಿ ಮುಟ್ಟದಿದ್ದರೆ ಹೊಲಿಯೋದಾದ್ರೂ ಏನನ್ನ? ಚಿಪ್ಪಿನ ಮೇಲಿನ ಟೆಂಡನ್‌ಗೆ ಸಿಕ್ಕ ಉತ್ತರ ಇಟಲಿಯ ಬೊಲೋನ್ಯಾದ ಸರ್ಜನ್ ಅಲೆಸ್ಸಾಂಡ್ರೊ ಕೋಡಿವಿಲ್ಲಾ ಹೆಸರಲ್ಲಿದೆ. ಟೆಂಡನ್ನನ್ನು ತಲೆಕೆಳಗಾದ 'ವಿ' ಆಕಾರದಲ್ಲಿ ಕೊಯ್ದು ಕೆಳಗೆ ಜಾರಿಸೋದು, ಮೇಲೆ ಬಾಯ್ಬಿಟ್ಟ ಜಾಗವನ್ನು ಹೊಲಿಯೋದು. 'ವಿ' ಹೋಗಿ ತಲೆಕೆಳಗಾದ 'ವೈ' ಆಗುತ್ತೆ, ಕಡಿಮೆ ಬಿದ್ದ ಉದ್ದ ಸಿಗುತ್ತೆ. ಬಟ್ಟೆ ಸಾಲದಾಗ ಒಳ್ಳೆ ಟೈಲರ್ ಮಾಡೋ ಉಪಾಯವೇ ಇದು.

ಕೆಳಗಿನ ಟೆಂಡನ್‌ಗೆ ಇನ್ನೊಂದು ದಾರಿ: ಸಾಲ. 1957ರಲ್ಲಿ ಷಿಕಾಗೋದ ಹಂಪರ್ ಕೆಲಿಕಿಯನ್ ಮತ್ತು ಸಂಗಡಿಗರು ತೊಡೆ ಹಿಂಭಾಗದ ಒಂದು ಟೆಂಡನ್ನನ್ನು ತಂದು ಹರಿದ ಜಾಗದಲ್ಲಿ ಕೂರಿಸಿದ ವಿಧಾನ ಬರೆದರು. ಕೆಲಿಕಿಯನ್ ಟರ್ಕಿಯಿಂದ ಅಮೆರಿಕಕ್ಕೆ ಬಂದ ಅರ್ಮೇನಿಯನ್. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ಬಾಬ್ ಡೋಲ್‌ಗೆ ಫೀಸಿಲ್ಲದೆ ಆಪರೇಷನ್ ಮಾಡಿದವರೂ ಇವರೇ. 1979ರಲ್ಲಿ ಎಕರ್, ಲಾಟ್ಕಿ, ಗ್ಲೇಜರ್ ಅನ್ನೋ ಮೂವರು ಇಂಥ ಎರಡು ಟೆಂಡನ್ ಬಳಸೋ ವಿಧಾನ ಕೊಟ್ಟರು. ಹಿಂದಿನಿಂದ ಸಾಲ ತರೋ ಈ ಯೋಚನೆ ಇವತ್ತಿಗೂ ಚಾಲ್ತಿಯಲ್ಲಿದೆ.

ಈ ಇತಿಹಾಸ ನಮ್ಮ ಜಿಲ್ಲೆಗೂ ಬೇಕು. ನಮ್ಮೂರಿನ ಒಬ್ಬ ಅಣ್ಣ ಟೊಮೆಟೊ ಕ್ರೇಟು ಹೊತ್ತು ಬದುವಿನ ಮೇಲೆ ಜಾರಿದರು. ಎಕ್ಸ್‌ರೇ ನೋಡಿ 'ಮೂಳೆ ಮುರಿದಿಲ್ಲ' ಅಂದರು. ಮುರಿದಿರಲಿಲ್ಲ, ನಿಜ, ಚಿಪ್ಪು ಮೇಲೆ ಸರಿದಿದ್ದನ್ನು ಯಾರೂ ನೋಡಲಿಲ್ಲ. ಆಮೇಲೆ ಕಟ್ಟು, ಎಣ್ಣೆ. ನಾಲ್ಕು ತಿಂಗಳು ಕಾಲೆಳೆದುಕೊಂಡು ನಡೆದರು, ಇಳಿಜಾರಲ್ಲಿ ಮಂಡಿ ಕುಸಿಯೋದು. ಕೊನೆಗೆ ಸಾಲದ ಟೆಂಡನ್ನಿನ ಆಪರೇಷನ್, ತಿಂಗಳುಗಟ್ಟಲೆ ವ್ಯಾಯಾಮ. ಈಗ ಚೆನ್ನಾಗೇ ನಡೀತಾರೆ. ಆದರೆ ಅಷ್ಟರಲ್ಲಿ ಎರಡು ಹಸು ಮಾರಿಯಾಗಿತ್ತು. ಮೊದಲ ವಾರದಲ್ಲೇ ಗೊತ್ತಾಗಿದ್ದರೆ ಅದೇ ಟೆಂಡನ್ನನ್ನು ಹೊಲಿಯೋ ಸಣ್ಣ ಕೆಲಸ.

ಗೊತ್ತು ಮಾಡ್ಕೊಳ್ಳೋಕೆ ಎಂಆರ್‌ಐ ತನಕ ಕಾಯಬೇಕಿಲ್ಲ. ಮಂಡಿಗೆ ಪೆಟ್ಟು ಬಿದ್ದವರನ್ನು ಅಂಗಾತ ಮಲಗಿಸಿ, ಮಂಡಿ ಮಡಿಸದೆ ಕಾಲೆತ್ತೋಕೆ ಹೇಳಿ. ಎತ್ತೋಕಾಗದಿದ್ದರೆ, ಚಿಪ್ಪಿನ ಮೇಲೋ ಕೆಳಗೋ ತಗ್ಗು ಕೈಗೆ ಸಿಕ್ಕರೆ, ಅವತ್ತೇ ಮೂಳೆ ಡಾಕ್ಟರ್ ಹತ್ತಿರ ಕರ್ಕೊಂಡು ಹೋಗಿ. ಊರಿಗೆ ಫೋನ್ ಮಾಡಿದಾಗ ಅಪ್ಪ ಅಮ್ಮನಿಗೆ ಇದೊಂದು ಹೇಳಿಡಿ.