ಹೆಸರುಹಿಟ್ಟು ಮತ್ತು ಸಾಬೂನು

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತಾನೇ ತಯಾರಿಸಿದ, ಹೆಸರುಬೇಳೆಯ ಸಣ್ಣ ತರಿ ಬೆರೆಸಿದ ಸಾಬೂನನ್ನು ತಂದುಕೊಟ್ಟಳು. ಸೂಕ್ಷ್ಮ ಚರ್ಮದವರಿಗೆಂದೇ ಮಾಡಿದ್ದಂತೆ. ಅದನ್ನು ಕೈಯಲ್ಲಿ ಹಿಡಿದೊಡನೆ ನನಗೆ ನಾಚಿಕೆಯಾಯಿತು. ಕಾರಣವನ್ನು ಮುಂದೆ ಹೇಳುತ್ತೇನೆ.

ಪುಡಿಯಿಂದ ಮೈಯುಜ್ಜುವ ಪದ್ಧತಿ ನಮ್ಮಲ್ಲಿ ಪ್ರಾಚೀನವಾದುದು. ಆಯುರ್ವೇದವು ಇದನ್ನು ಉದ್ವರ್ತನವೆನ್ನುತ್ತದೆ; ವಾಗ್ಭಟನ ‘ಅಷ್ಟಾಂಗಹೃದಯ’ದ ದಿನಚರ್ಯೆಯಲ್ಲಿ ಅದರ ಸ್ಥಾನ ಸ್ನಾನಕ್ಕೆ ಮೊದಲು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜನ ಸ್ನಾನಕ್ಕೆಂದೇ ಒಂದು ಪ್ರಕರಣವಿದೆ. ಅರಮನೆಯ ಪರಿಮಳ ನಮಗೆಲ್ಲಿಯದು? ನಮ್ಮ ಬಚ್ಚಲುಮನೆಗಳಲ್ಲಿ ಇದ್ದುದು ಹರಳೆಣ್ಣೆ, ಸೀಗೆಪುಡಿ, ಕಡಲೆಹಿಟ್ಟು, ಹಂಡೆಯ ಬಿಸಿನೀರು.

ಮೊದಲನೆಯ ಮಹಾಯುದ್ಧದಿಂದಾಗಿ ಯುರೋಪಿಗೆ ಹೋಗುತ್ತಿದ್ದ ಶ್ರೀಗಂಧದ ವ್ಯಾಪಾರ ಕುಸಿದು ಮರ ಉಳಿದುಬಿಟ್ಟಾಗ, ಮೈಸೂರು ಸಂಸ್ಥಾನವು 1916ರಲ್ಲಿ ಗಂಧದೆಣ್ಣೆ ತೆಗೆಯಲಾರಂಭಿಸಿತು. 1918ರಲ್ಲಿ ಸರ್ಕಾರಿ ಸಾಬೂನು ಬಂದಿತು. ಕ್ರಮೇಣ ಸಾಬೂನು ನಾಗರಿಕತೆಯ ಗುರುತಾಯಿತು, ಹಿಟ್ಟು ಬಡತನದ ಗುರುತಾಯಿತು.

ನಾನೂ ಹಾಗೆಯೇ ನಂಬಿದ್ದೆ. ಆರೋಗ್ಯದ ಪಾಠ ಮಾಡುತ್ತ, ಹೆಸರುಹಿಟ್ಟಿನಲ್ಲಿ ಮೀಯುತ್ತಿದ್ದ ಬಾಲಕಿಯೊಬ್ಬಳನ್ನು ತರಗತಿಯ ಮುಂದೆ ನಿಲ್ಲಿಸಿ, ನಾಳೆಯಿಂದ ಸಾಬೂನು ಹಚ್ಚಿಕೊಂಡು ಬಾ ಎಂದೆ. ತಿಂಗಳೊಳಗೆ ಅವಳ ಕೈಗಳು ಒಡೆದು ಕೆಂಪಾದವು. ಚರ್ಮದ ಮೇಲ್ಪದರ ತುಸು ಆಮ್ಲೀಯ, ಸಾಬೂನು ಕ್ಷಾರೀಯ. ಪಾಠ ಹೇಳುವವನಾಗಿಯೂ ನಾನು ಇದನ್ನು ಯೋಚಿಸಿರಲಿಲ್ಲ.

ಆ ಬಾಲಕಿಯೇ ಇವಳು. ಕೈಯಿಂದ ಮಾಡಿದ ಮಾತ್ರಕ್ಕೆ ಸಾಬೂನಿನ ಕ್ಷಾರಗುಣ ಹೋಗದೆಂದು ಅವಳೇ ಹೇಳಿದಳು. ಆದರೆ ಗ್ಲಿಸರಿನ್ ಅದರಲ್ಲೇ ಉಳಿಯುತ್ತದೆ. ಎಣ್ಣೆಯನ್ನು ತುಸು ಹೆಚ್ಚಾಗಿಯೇ ಹಾಕಿ ವಾರಗಟ್ಟಲೆ ಒಣಗಿಸುತ್ತಾಳೆ, ತರಿಯನ್ನು ಜರಡಿ ಹಿಡಿದು ನಯವಾದುದನ್ನಷ್ಟೇ ಬೆರೆಸುತ್ತಾಳೆ. ಹಳೆಯ ಮಾತನ್ನು ಅವಳು ಎತ್ತಲಿಲ್ಲ. ಹೊರಡುವಾಗ, “ಮೊದಲು ಮೊಳಕೈಯ ಒಳಭಾಗಕ್ಕೆ ಹಚ್ಚಿ ನೋಡಿ, ಮೇಷ್ಟ್ರೇ” ಎಂದಳು.