ಒಂದೇ ಕುರ್ಚಿಗೆ ಎಂಟು ತಂಡ

ರಾಲಿ, ಕ್ಯಾರಿ, ಡರ್ಹಮ್ ಕಡೆ ಹೊಸದಾಗಿ ಬಂದು ಮನೆ ಮಾಡಿದ ಕನ್ನಡಿಗರಿಗೆ ಅಕ್ಕಪಕ್ಕದವರಿಂದ ಬೇಗನೆ ಎದುರಾಗುವ ಪ್ರಶ್ನೆ, "ನೀವು ಯಾರ ಕಡೆ?" ಎಂಬುದು. ಚುನಾವಣೆಯ ಮಾತಲ್ಲ ಇದು. ತಿಳಿನೀಲಿಯ ನಾರ್ತ್ ಕ್ಯಾರೊಲೈನಾ, ಕಡುನೀಲಿಯ ಡ್ಯೂಕ್, ಕೆಂಪಿನ ಎನ್.ಸಿ. ಸ್ಟೇಟ್, ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಯಾರ ಕಡೆಯೂ ಅಲ್ಲ ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಮಾರ್ಚ್ ತಿಂಗಳಲ್ಲಂತೂ ಈ ಪ್ರಶ್ನೆಗೆ ಬಿಸಿ ಜಾಸ್ತಿ. ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್, ಅಂದರೆ ಎಸಿಸಿ ಎಂಬ ಕಾಲೇಜು ಕೂಟದ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿ ನಡೆಯುವುದು ಆಗಲೇ. ನಾವು ಬದುಕು ಕಟ್ಟಿಕೊಂಡಿರುವ ಈ ಊರುಗಳ ಚರಿತ್ರೆಯನ್ನು ಈ ಪಂದ್ಯಾವಳಿಯನ್ನು ಬಿಟ್ಟು ಹೇಳಲಾಗದು.

ತಮಾಷೆಯೆಂದರೆ ಎಸಿಸಿ ಹುಟ್ಟಿದ್ದು ಬ್ಯಾಸ್ಕೆಟ್‌ಬಾಲಿಗಾಗಿ ಅಲ್ಲ, ಅಮೆರಿಕನ್ ಫುಟ್‌ಬಾಲ್ ಜಗಳದಿಂದ. ಸದರ್ನ್ ಕಾನ್ಫರೆನ್ಸ್ ಎಂಬ ಹಳೆಯ ಕೂಟ ಋತು ಮುಗಿದ ಮೇಲಿನ 'ಬೌಲ್' ಪಂದ್ಯಗಳಿಗೆ ಹೋಗಬಾರದೆಂದು ತನ್ನ ಸದಸ್ಯರಿಗೆ ಕಟ್ಟುಮಾಡಿತು. ಮೇರಿಲ್ಯಾಂಡ್, ಕ್ಲೆಮ್ಸನ್ ಮಾತು ಕೇಳದೆ ಹೋಗಿ ಆಡಿದವು, ಶಿಕ್ಷೆಯನ್ನೂ ಉಂಡವು. 1953ರ ಮೇ ತಿಂಗಳಲ್ಲಿ ಗ್ರೀನ್ಸ್‌ಬರೋ ಹೊರವಲಯದ ಸೆಡ್ಜ್‌ಫೀಲ್ಡ್ ಇನ್‌ನಲ್ಲಿ ಸಭೆ ಸೇರಿದ್ದಾಗ ಏಳು ಕಾಲೇಜುಗಳು ಎದ್ದು ಬೇರೆ ಮನೆ ಹೂಡಿದವು. ವರ್ಷ ಮುಗಿಯುವ ಮುಂಚೆ ವರ್ಜೀನಿಯಾ ಸೇರಿ ಎಂಟಾದವು.

ಈ ಕೂಟಕ್ಕೆ ಬ್ಯಾಸ್ಕೆಟ್‌ಬಾಲಿನ ಹುಚ್ಚು ಹಿಡಿಸಿದವರು ಎವರೆಟ್ ಕೇಸ್. ಆ ಆಟದ ತವರಿನಂತಿದ್ದ ಇಂಡಿಯಾನಾದಿಂದ 1946ರಲ್ಲಿ ಎನ್.ಸಿ. ಸ್ಟೇಟ್‌ಗೆ ಕೋಚ್ ಆಗಿ ಬಂದವರು. ಗೆದ್ದ ತಂಡ ಏಣಿ ಹತ್ತಿ ಬುಟ್ಟಿಯ ಬಲೆಯನ್ನು ಕತ್ತರಿಸಿ ಒಯ್ಯುವ ಪದ್ಧತಿ ಈಗ ಅಮೆರಿಕದ ಕಾಲೇಜು ಆಟದಲ್ಲೆಲ್ಲ ಕಾಣುತ್ತದಲ್ಲ, ಅದನ್ನು ಕಾಲೇಜು ಅಂಗಣಕ್ಕೆ ತಂದವರೂ ಇವರೇ. 1949ರಲ್ಲಿ ಬಾಗಿಲು ತೆರೆದ ರಾಲಿಯ ರೆನಾಲ್ಡ್ಸ್ ಕಲೀಸಿಯಂನಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಜನ ಕೂರಬಹುದಿತ್ತು. 1954ರ ಮೊದಲ ಪಂದ್ಯಾವಳಿ ನಡೆದದ್ದು ಅಲ್ಲೇ, ಫೈನಲ್‌ನಲ್ಲಿ ಹೆಚ್ಚುವರಿ ಅವಧಿಯ ಬಳಿಕ ವೇಕ್ ಫಾರೆಸ್ಟನ್ನು 82-80ರಿಂದ ಮಣಿಸಿದ್ದೂ ಕೇಸ್ ತಂಡವೇ.

ಮೂರು ದಿನ, ಎಂಟು ತಂಡ, ಸೋತವರು ಮನೆಗೆ. ಟಿಕೆಟ್ ಹಣ ಚೆನ್ನಾಗಿ ಕೂಡುತ್ತಿತ್ತು. ಆದರೆ ಇದರ ನಿಜವಾದ ಖಾರ ಬೇರೊಂದು ನಿಯಮದಲ್ಲಿತ್ತು. ಆಗ ರಾಷ್ಟ್ರಮಟ್ಟದ ಎನ್‌ಸಿಎಎ ಪಂದ್ಯಾವಳಿಗೆ ಒಂದು ಕೂಟದಿಂದ ಹೋಗಬಹುದಾಗಿದ್ದುದು ಒಂದೇ ತಂಡ. ಅದನ್ನು ಚಳಿಗಾಲದುದ್ದಕ್ಕೂ ಗೆದ್ದ ಪಂದ್ಯಗಳ ಲೆಕ್ಕದಿಂದ ಆರಿಸದೆ, ಮಾರ್ಚಿನ ಈ ಮೂರು ದಿನಕ್ಕೇ ಬಿಟ್ಟಿತ್ತು ಎಸಿಸಿ. ವರ್ಷವಿಡೀ ಗೆದ್ದು ಆ ವಾರ ಒಮ್ಮೆ ಎಡವಿದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. 1970ರಲ್ಲಿ ಸೌತ್ ಕ್ಯಾರೊಲೈನಾ ಕೂಟದೊಳಗಿನ 14 ಪಂದ್ಯಗಳನ್ನೂ ಗೆದ್ದು ಬಂದು, ಫೈನಲ್‌ನಲ್ಲಿ ಎರಡು ಹೆಚ್ಚುವರಿ ಅವಧಿ ಆಡಿ, 42-39ರಿಂದ ಎನ್.ಸಿ. ಸ್ಟೇಟ್‌ಗೆ ಸೋತಿತು. ಹಲವು ಕೋಚ್‌ಗಳು ಈ ಪದ್ಧತಿಯನ್ನು ಮನಸಾರೆ ಶಪಿಸುತ್ತಿದ್ದರು. ಪ್ರೇಕ್ಷಕರು ಮಾತ್ರ ಅದಕ್ಕೇ ಮುಗಿಬೀಳುತ್ತಿದ್ದರು.

ಸೋಲಿನ ಭಯ ಆಟವನ್ನು ಕೆಡಿಸಿದ್ದೂ ಉಂಟು. ಚೆಂಡನ್ನು ಇಂತಿಷ್ಟು ಹೊತ್ತಿನಲ್ಲಿ ಎಸೆಯಲೇಬೇಕೆಂಬ ನಿಯಮ ಆಗಿರಲಿಲ್ಲ. 1968ರ ಸೆಮಿಫೈನಲ್‌ನಲ್ಲಿ ಡ್ಯೂಕ್ ಎದುರು ಎನ್.ಸಿ. ಸ್ಟೇಟ್ ಚೆಂಡು ಹಿಡಿದು ಸುಮ್ಮನೆ ನಿಂತಿತು. ಕೊನೆಗೆ ಗೆದ್ದದ್ದು 12-10ರಿಂದ. ಕಾಸು ಕೊಟ್ಟು ಒಳಹೊಕ್ಕವರ ಮುಖ ಹೇಗಿದ್ದಿರಬೇಡ!

1965ರ ಫೈನಲ್ ಬೇರೆಯೇ ಬಗೆಯದು. ಕಾಯಿಲೆ ಬಲಿತು ಕೇಸ್ ಆ ಋತುವಿನ ಆರಂಭದಲ್ಲೇ ಕೋಚ್ ಹುದ್ದೆ ಬಿಟ್ಟಿದ್ದರು. ಹೆಚ್ಚಾಗಿ ಬದಲಿ ಆಟಗಾರನಾಗಿಯೇ ಕಣಕ್ಕಿಳಿಯುತ್ತಿದ್ದ ಲ್ಯಾರಿ ವೊರ್ಸ್ಲಿ 30 ಅಂಕ ಹೊಡೆದು ಡ್ಯೂಕನ್ನು ಸೋಲಿಸಿದ. ಬಳಿಕ ಹುಡುಗರು ಹಳೆಯ ಗುರುವನ್ನು ಎತ್ತಿ ಹಿಡಿದು, ಬಲೆಯ ಕೊನೆಯ ಎಳೆಯನ್ನು ಅವರ ಕೈಯಿಂದಲೇ ಕತ್ತರಿಸಿಸಿದರು. ಮರುವರ್ಷ ಕೇಸ್ ತೀರಿಕೊಂಡರು. ಪಂದ್ಯಾವಳಿಯ ಶ್ರೇಷ್ಠ ಆಟಗಾರನಿಗೆ ಈಗಲೂ ಸಿಗುವುದು ಅವರ ಹೆಸರಿನ ಪ್ರಶಸ್ತಿ.

ಆದರೂ ಹಳಬರು ಸೇರಿದಲ್ಲಿ ಮಾತು ಹೊರಳುವುದು 1974ರತ್ತಲೇ. ಗ್ರೀನ್ಸ್‌ಬರೋ, ಮಾರ್ಚ್ 9. ದೇಶದಲ್ಲೇ ಮೊದಲ ಸ್ಥಾನದ ಎನ್.ಸಿ. ಸ್ಟೇಟ್ ಒಂದು ಕಡೆ, ನಾಲ್ಕನೆಯ ಸ್ಥಾನದ ಮೇರಿಲ್ಯಾಂಡ್ ಇನ್ನೊಂದು ಕಡೆ. ಏಳಡಿ ದಾಟಿದ ಟಾಮ್ ಬರ್ಲಸನ್‌ಗೆ ಆ ಸಲ ಎಸಿಸಿಯ ಶ್ರೇಷ್ಠರ ತಂಡದಲ್ಲಿ ಮೇರಿಲ್ಯಾಂಡ್‌ನ ಲೆನ್ ಎಲ್ಮೋರ್‌ಗಿಂತ ಕೆಳಗಿನ ಸ್ಥಾನ ಸಿಕ್ಕಿತ್ತು. ಆ ಸಿಟ್ಟನ್ನೆಲ್ಲ ಅಂಗಣಕ್ಕೆ ತಂದು 38 ಅಂಕ ಗಳಿಸಿದ. ಹೆಚ್ಚುವರಿ ಅವಧಿಯ ಬಳಿಕ 103-100ರಿಂದ ಎನ್.ಸಿ. ಸ್ಟೇಟ್ ಗೆದ್ದಿತು. ಸೋತ ಕೋಚ್ ಲೆಫ್ಟಿ ಡ್ರಿಸೆಲ್ ಗೆದ್ದವರ ಬಸ್ ಹತ್ತಿ, ಮುಂದೆ ಹೋಗಿ ಗೆದ್ದು ಬನ್ನಿ ಎಂದು ಹಾರೈಸಿ ಇಳಿದರು. ಆ ತಂಡ ಹಾಗೆಯೇ ಮಾಡಿತು: ಸತತ ಏಳು ವರ್ಷ ರಾಷ್ಟ್ರೀಯ ಚಾಂಪಿಯನ್ ಆಗಿದ್ದ ಯುಸಿಎಲ್‌ಎಯನ್ನು ಸೆಮಿಫೈನಲ್‌ನಲ್ಲಿ ಕೆಡವಿ ಪಟ್ಟಕ್ಕೇರಿತು. ಮೇರಿಲ್ಯಾಂಡ್ ಮನೆಯಲ್ಲೇ ಕೂತಿತು.

ಮರುವರ್ಷ ಎನ್‌ಸಿಎಎ ತನ್ನ ತಂಡಗಳ ಸಂಖ್ಯೆಯನ್ನು 32ಕ್ಕೆ ಏರಿಸಿ, ಒಂದೇ ಕೂಟದ ಎರಡನೇ ತಂಡಕ್ಕೂ ಜಾಗ ಮಾಡಿಕೊಟ್ಟಿತು. ಮೇರಿಲ್ಯಾಂಡ್‌ಗೆ ಆದ ಅನ್ಯಾಯ ಎಲ್ಲರ ಕಣ್ಣಿಗೆ ಕುಕ್ಕಿತ್ತು. ನನ್ನ ಮಟ್ಟಿಗೆ ಇದರಿಂದ ಲಾಭವಾದದ್ದು ಆಟಗಾರರಿಗೆ, ನಷ್ಟವಾದದ್ದು ಈ ಪಂದ್ಯಾವಳಿಗೆ. ಜನಪ್ರಿಯತೆ ಒಮ್ಮೆಗೇ ಇಳಿಯಲಿಲ್ಲ ನಿಜ. ಪಂದ್ಯಾವಳಿಯ ಶುಕ್ರವಾರ ಇಲ್ಲಿನ ಶಾಲೆಗಳಲ್ಲಿ ಮೇಷ್ಟ್ರುಗಳೇ ಚಕ್ರದ ಮೇಜಿನ ಮೇಲೆ ಟಿ.ವಿ. ತಳ್ಳಿಕೊಂಡು ತರಗತಿಗೆ ಬರುತ್ತಿದ್ದರೆಂದು ಇಲ್ಲಿಯೇ ಬೆಳೆದವರು ಈಗಲೂ ಹೇಳುತ್ತಾರೆ. ನಮ್ಮ ಮಕ್ಕಳು ಇದನ್ನು ನಂಬುವುದಿಲ್ಲ. ಆದರೆ ಸೋತರೂ ದೊಡ್ಡ ತಂಡಗಳಿಗೆ ರಾಷ್ಟ್ರೀಯ ಕಣದಲ್ಲಿ ಜಾಗ ಖಾತ್ರಿ ಎಂದಾದ ಮೇಲೆ ಹಳೆಯ ನಡುಕ ಉಳಿಯುವುದಾದರೂ ಹೇಗೆ? ಕೂಟವೂ ಹಿಗ್ಗುತ್ತ ಹೋಯಿತು. ಸೌತ್ ಕ್ಯಾರೊಲೈನಾ 1971ರಲ್ಲೇ ಬಿಟ್ಟಿತ್ತು, ಮೇರಿಲ್ಯಾಂಡ್ 2014ರಲ್ಲಿ ಬಿಟ್ಟಿತು. ಅಟ್ಲಾಂಟಿಕ್ ಹೆಸರಿನ ಕೂಟಕ್ಕೆ 2024ರಲ್ಲಿ ಪೆಸಿಫಿಕ್ ತೀರದ ಸ್ಟ್ಯಾನ್‌ಫರ್ಡ್ ಕೂಡ ಬಂದು ಸೇರಿತು.

ಆ ನಡುಕ ಮತ್ತೆ ಕಂಡದ್ದು 2024ರ ಮಾರ್ಚ್‌ನಲ್ಲಿ, ವಾಷಿಂಗ್ಟನ್‌ನಲ್ಲಿ. ಕೊನೆಯ ನಾಲ್ಕು ಪಂದ್ಯ ಸೋತು ಹತ್ತನೇ ಶ್ರೇಯಾಂಕದೊಂದಿಗೆ ಬಂದ ಎನ್.ಸಿ. ಸ್ಟೇಟ್‌ಗೆ ಕಪ್ ಗೆಲ್ಲುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಐದು ದಿನ, ಐದು ಪಂದ್ಯ. ವರ್ಜೀನಿಯಾ ಎದುರಿನ ಸೆಮಿಫೈನಲ್‌ನಲ್ಲಿ ಮೈಕಲ್ ಒ'ಕಾನಲ್ ಕೊನೇ ಗಳಿಗೆಯಲ್ಲಿ ದೂರದಿಂದ ಎಸೆದ ಚೆಂಡು ಹಲಗೆಗೆ ಬಡಿದು, ಬುಟ್ಟಿಯ ಅಂಚಿನಲ್ಲಿ ತುಸು ಆಡಿ, ಒಳಗಿಳಿಯಿತು. ಪಂದ್ಯ ಸಮ. ಹೆಚ್ಚುವರಿ ಅವಧಿಯಲ್ಲಿ ಅದನ್ನು ಗೆದ್ದು, ಮರುದಿನ ನಾರ್ತ್ ಕ್ಯಾರೊಲೈನಾವನ್ನು 84-76ರಿಂದ ಮಣಿಸಿ, 1987ರ ಬಳಿಕ ಮೊದಲ ಬಾರಿಗೆ ಬಲೆ ಕತ್ತರಿಸಿದರು. ಅಲ್ಲಿಂದ ರಾಷ್ಟ್ರೀಯ ಸೆಮಿಫೈನಲ್‌ವರೆಗೂ ಹೋದರು.

ಮುಂದಿನ ಮಾರ್ಚ್‌ನಲ್ಲಿ ಪಂದ್ಯಾವಳಿ ಷಾರ್ಲೆಟ್‌ಗೆ ಬಂತು. ಕೂಟದಲ್ಲಿ ಆಗ ಹದಿನೆಂಟು ಕಾಲೇಜು, ಪಂದ್ಯಾವಳಿಗೆ ಮೊದಲ ಹದಿನೈದಕ್ಕೆ ಮಾತ್ರ ಕರೆ. ಹಾಲಿ ಚಾಂಪಿಯನ್ ಎನ್.ಸಿ. ಸ್ಟೇಟ್ ಆ ಹದಿನೈದರಲ್ಲಿ ಇರಲಿಲ್ಲ.