ಹಟ್ಟಿ

ನೀಲಗಿರಿಯ ಪುಟ್ಟ ರೈಲು ಅರವಂಕಾಡು ದಾಟಿ ಕೆತ್ತಿಯಲ್ಲಿ ನಿಂತಾಗ ಇಳಿಯುವ ಬಡಗ ಸಮುದಾಯದ ಕುಟುಂಬವನ್ನು ಎಲ್ಲಿಗೆ ಎಂದು ಕೇಳಿದರೆ, ಉತ್ತರದಲ್ಲಿ ಒಂದು ಪದ ಬಂದೇ ಬರುತ್ತದೆ: ಹಟ್ಟಿ. ಕೊಯಮತ್ತೂರು, ಬೆಂಗಳೂರುಗಳಲ್ಲಿ ಮನೆ ಕಟ್ಟಿಕೊಂಡವರಿಗೂ ತಮ್ಮ ದೇವತೆ ಹೆತ್ತೆಯ ಹಬ್ಬಕ್ಕೆ ಮರಳುವ ಊರು ಹಟ್ಟಿಯೇ.

ಪದ ಹಳೆಯದು. ಹಳಗನ್ನಡದ ‘ಪಾಲ್’ ಹಾಲಾದಂತೆ ‘ಪಟ್ಟಿ’ ಹಟ್ಟಿಯಾಯಿತು. ತಮಿಳು ಪಕಾರವನ್ನು ಬಿಡಲಿಲ್ಲ. ಕೋವಿಲ್‌ಪಟ್ಟಿ, ಉಸಿಲಂಪಟ್ಟಿಗಳೇ ಸಾಕ್ಷಿ. ತಮಿಳುನಾಡಿನಲ್ಲೇ ಇದ್ದೂ ಬಡಗರು ಹಕಾರವನ್ನೇ ಆಡುತ್ತಾರೆ. ಬಡಗು ಎಂದರೆ ಉತ್ತರ ದಿಕ್ಕು. ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದವರು ಎಂಬ ಅವರ ನೆನಪಿಗೆ ಹಕಾರದ ಈ ಒಂದಕ್ಷರವೂ ಒತ್ತಾಸೆ.

ಕನ್ನಡದೊಳಗೆ ಹಟ್ಟಿಯ ಅರ್ಥ ಒಂದೇ ಕಡೆ ನಿಂತಿಲ್ಲ. ದಕ್ಷಿಣ ಕನ್ನಡದಲ್ಲಿ ಅದು ದನದ ಕೊಟ್ಟಿಗೆ. ಚಿತ್ರದುರ್ಗ, ತುಮಕೂರು ಕಡೆ ಗೊಲ್ಲರಹಟ್ಟಿ ಎಂದರೆ ಇಡೀ ಜನವಸತಿ. ಉತ್ತರ ಕರ್ನಾಟಕದ ದೀಪಾವಳಿಯಲ್ಲಿ ಸಗಣಿಯಿಂದ ಮಾಡುವ ಹಟ್ಟಿ ಲಕ್ಕವ್ವನಲ್ಲಿ ದನವೂ ಮನೆಯೂ ಕೂಡಿಯೇ ಇವೆ.

ಬಡಗರಲ್ಲಿ ಕೊಟ್ಟಿಗೆಯ ವಾಸನೆ ಹಿಂದೆ ಸರಿದು, ಸಾಲುಮನೆಗಳ ಊರು ಮುಂದೆ ಬಂದಿದೆ. ಜೊತೆಗೆ ನಂಟಿನ ಲೆಕ್ಕವೂ ಸೇರಿದೆ. ಒಂದು ಹಟ್ಟಿಯವರು ಸಾಮಾನ್ಯವಾಗಿ ಒಬ್ಬನೇ ಮೂಲಪುರುಷನ ಮಕ್ಕಳೆಂಬ ನಂಬಿಕೆ ಇರುವುದರಿಂದ, ಹೆಣ್ಣು ತರಬೇಕಾದರೆ ಬೇರೆ ಹಟ್ಟಿಗೇ ಹೋಗಬೇಕು. ಹಾಗಾಗಿ ಅಪರಿಚಿತ ಬಡಗರಿಬ್ಬರು ಎದುರಾದಾಗ ಹೆಸರಿಗಿಂತ ಮೊದಲು ಹಟ್ಟಿ ಯಾವುದೆಂದು ಕೇಳಿಕೊಂಡರೆ ಅದು ಬರೀ ಕುತೂಹಲವಲ್ಲ.